ಬಾಯಿ ಕಾಣದ ಹನ್ನೊಂದು ದಿನ

ಉಲಾನ್‌ಬಾತರಿನ ಬಡಗಣ ಗುಡ್ಡ, ಜನವರಿ.
ಕಲ್ಲಿದ್ದಲ ಹೊಗೆ ಮೊದಲು ನಮಗೆ ಮೆತ್ತಿ
ಆಮೇಲೆ ಸೂರ್ಯನಿಗೆ ಮೆತ್ತುವ ಹೊತ್ತು.
ಹೊರಗೆ ಸೊನ್ನೆಗಿಂತ ಮೂವತ್ತು ಕೆಳಗೆ,
ನನ್ನೊಳಗೆ ಮೂವತ್ತೊಂಬತ್ತು ಮೇಲೆ.
ಮಗಳಿಗೆ ಹತ್ತೊಂಬತ್ತು ದಿನ.

ಮೂಗಿಗಿಟ್ಟ ಕಡ್ಡಿ ಎರಡು ಗೆರೆ ತೋರಿಸಿತು.
ಅತ್ತೆ ದುಲ್ಮಾ ಒಂದು ಮಾತೂ ಆಡದೆ
ಕೂಸನ್ನೆತ್ತಿ ಒಲೆಯ ಆಚೆಗೆ ಹೋದಳು.
ನಡುವೆ ಒಲೆ. ಆಚೆ ಅವರು, ಈಚೆ ನಾನು.
ಉಣ್ಣೆ ಹೊದ್ದ ದುಂಡು ಮನೆಗೆ
ಮೂಲೆಗಳಿರುವುದಿಲ್ಲ,
ಬಚ್ಚಿಟ್ಟುಕೊಂಡು ಅಳಲಿಕ್ಕೆ.

ಎಲ್ಲರೂ ಎಲ್ಲವನ್ನೂ ಬಲ್ಲವರೇ.
ಹಾಲು ಕೆಟ್ಟಿತು ಬಿಡು, ಎಂದಳು
ನೀರಿನ ಕಟ್ಟೆಯಲ್ಲಿ ಕೊಡ ಹಿಡಿದು ನಿಂತವಳು.
ಹಿಂಡಿ ಹಿಮಕ್ಕೆ ಚೆಲ್ಲು, ಎಂದಳು ಫೋನಿನಲ್ಲಿ ನಾದಿನಿ.
ನನ್ನ ಗಂಡ ಮಿಯಾಗ್ಮಾರ್ ಪುಡಿಹಾಲಿನ ಡಬ್ಬ ತಂದ,
ಬೆಲೆಚೀಟಿಯನ್ನು ಉಗುರಲ್ಲಿ ಕೆರೆದು ತೆಗೆದು,
ನಾನು ನೋಡಬಾರದೆಂದು.
ಕೆರೆದದ್ದನ್ನು ನೋಡಿದೆ.

ರಬ್ಬರಿನ ತೊಟ್ಟನ್ನು ಮಗಳು ನಾಲಗೆಯಿಂದ ತಳ್ಳಿದಳು.
ಅವಳು ಆಚೆ ಅತ್ತಾಗಲೆಲ್ಲ
ಈಚೆ ನನ್ನೆದೆ ಕೇಳದೆಯೇ ಸುರಿಯಿತು.
ಒಣಗಲು ಹೊರಗೆ ಹಾಕಿದ ಅಂಗಿ
ಹಗ್ಗದ ಮೇಲೆ ಹಲಗೆಯಂತೆ ಸೆಟೆದು ನಿಂತಿತು.
ಎಂದಿನಂತೆ ನಸುಕಿಗೆದ್ದು ಅತ್ತೆ
ಒಂಬತ್ತು ಗುಳಿಯ ಮರದ ಸೌಟಿನಿಂದ
ಆಕಾಶಕ್ಕೆ ಹಾಲು ಚಿಮುಕಿಸಿದಳು, ದಿಕ್ಕಿಗೊಂದು ಸಲ.
ದಿಕ್ಕುಗಳಿಗೆಲ್ಲ ಹಾಲಿದೆ, ಅಂದುಕೊಂಡೆ,
ನನ್ನ ಮಗಳೊಬ್ಬಳನ್ನು ಬಿಟ್ಟು.

ಎರಡನೆಯ ಸಂಜೆ ದಾದಿ ಚಿಮ್ಗೆ ಬಂದಳು,
ಬೂಟಿನ ಹಿಮ ಕೊಡವುತ್ತ.
ಡಬ್ಬ ನೋಡಿದಳು, ನನ್ನ ಅಂಗಿ ನೋಡಿದಳು,
ಯಾರನ್ನೂ ಬೈಯಲಿಲ್ಲ.
"ರೋಗ ನಿನ್ನ ಉಸಿರಲ್ಲಿದೆ ಕಣೇ, ಹಾಲಿನಲ್ಲಲ್ಲ.
ಕೆಮ್ಮಿದರೆ ಹಾರುತ್ತೆ, ಮುಟ್ಟಿದರೆ ಅಂಟುತ್ತೆ.
ಸೋಪು ಹಾಕಿ ಕೈ ತೊಳೆ. ಮೂಗೂ ಬಾಯೂ ಮುಚ್ಚಿಕೋ,
ಮಾಸ್ಕು ಒದ್ದೆಯಾದರೆ ಬದಲಾಯಿಸು.
ಕೆಮ್ಮು ಬಂದರೆ ಗೋಡೆ ಕಡೆ ತಿರುಗು.
ಇಷ್ಟು ಮಾಡಿ ಮಗೂನ ಅದರ ಜಾಗಕ್ಕೆ ಕೊಡು.
ನಿನ್ನ ಮೈ ಈಗ ಕುಸ್ತಿಗೆ ಬಿದ್ದಿದೆ,
ಕಲಿತ ಪಟ್ಟನ್ನೆಲ್ಲ ಹಾಲಿನಲ್ಲಿ ಅವಳಿಗೂ ಕಲಿಸುತ್ತೆ.
ಕೂರಲಾರದಷ್ಟು ಸುಸ್ತಾದರೆ ಹಿಂಡಿ ಕೊಡು, ಅತ್ತೆ ಕುಡಿಸಲಿ.
ಉಸಿರು ಕಟ್ಟಿದರೆ ಮಾತ್ರ ಕಾಯಬೇಡ,
ನಡುರಾತ್ರಿಯಾದರೂ ಫೋನು ಮಾಡು."

ಖಂಡಿತವೇ? ಎಂದಳು ಅತ್ತೆ.
"ಇಲ್ಲಿವರೆಗೆ ತಿಳಿದಷ್ಟರಲ್ಲಿ, ಹೌದು.
ಎದೆ ಬಿಡಿಸಿದರೆ ಆಗುವ ನಷ್ಟ
ಇನ್ನೂ ಖಂಡಿತ."

ಅತ್ತೆ ಒಲೆ ಸುತ್ತಿ ಬಂದಳು,
ಸೂರ್ಯ ಹೋಗುವ ದಿಕ್ಕಿನಲ್ಲಿ, ಏಳು ಹೆಜ್ಜೆ. ಎಣಿಸಿದೆ.
ಕೂಸಿನ ಹಣೆಗೆ ಮಸಿ ಇಟ್ಟಿದ್ದಳು,
ಇರುಳಲ್ಲಿ ದೂರ ಹೊರಟವರಿಗೆ ಇಡುವಂತೆ.

ಅವಳು ಕಚ್ಚಿದ ರಭಸಕ್ಕೆ ಕಾಲ್ಬೆರಳೂ ಮುದುಡಿದವು.
ಆಮೇಲೆ ಗುಟುಕಿನ ಸದ್ದು,
ಸಣ್ಣ ಗಡಿಯಾರವೊಂದು ಮತ್ತೆ ನಡೆದಂತೆ.

ಹೆಸರಿಟ್ಟರೆ ರೋಗಕ್ಕೆ ಗುರುತು ಸಿಕ್ಕೀತೆಂದು
ನೆರ್ಗುಯ್ ಎಂದೇ ಕರೆದೆವು, ಹೆಸರಿಲ್ಲದವಳು.
ಹೆಸರಿಲ್ಲದ ಅವಳು, ಬಾಯಿಲ್ಲದ ನಾನು.
ರಾತ್ರಿಗೆ ನಾಲ್ಕು ಸಲ ಎದ್ದು
ಕೈ ತೊಳೆದು ತೊಳೆದು ಗೆಣ್ಣು ಬಿರಿದವು.
ಬಟ್ಟೆಯ ಮೇಲೆ ಉಳಿದ ಎರಡು ಕಣ್ಣನ್ನೇ ಅವಳು
ಇಡೀ ತಾಯಿ ಎಂದು ಕಲಿತಳು.

ಹನ್ನೊಂದನೆಯ ಬೆಳಿಗ್ಗೆ ಮಾಸ್ಕು ತೆಗೆದೆ.
ಮಗಳು ನನ್ನ ಬಾಯನ್ನು ನೋಡಿದಳು,
ಬಾಗಿಲಲ್ಲಿ ನಿಂತ ಅಪರಿಚಿತನನ್ನು ನೋಡುವ ಹಾಗೆ.
ತುಟಿ ಅದುರಿತು. ಅತ್ತಳು.
ನನಗೆ ನಗು ಬಂತು,
ಹಲ್ಲು ಕಂಡು ಇನ್ನೂ ಜೋರಾಗಿ ಅತ್ತಳು.
ಕಡೆಗೆ ಕಣ್ಣು ಮುಚ್ಚಿ
ಮೂಗಿನಿಂದ ತಡಕುತ್ತ
ಹಳೆಯ ವಿಳಾಸ ಹುಡುಕಿಕೊಂಡಳು.

ಆ ಡಬ್ಬದಲ್ಲಿ ಈಗ ಅತ್ತೆ
ಚಹಾಕ್ಕೆ ಹಾಕುವ ಉಪ್ಪು ತುಂಬಿಡುತ್ತಾಳೆ.
ಉಗುರಿನ ಗೀರು ಹಾಗೇ ಇದೆ.